ಡೆಮೊದಿಂದ ದುಡ್ಡು ಕೈಗೆ ಬರುವವರೆಗೆ: ಒಂದು ಸೆನ್ಸರ್ ಮಾರಿದ 13 ತಿಂಗಳು

ಫೆಬ್ರವರಿ 6ರ ಸಂಜೆ ಬ್ಯಾಂಕಿನಿಂದ ಮೆಸೇಜ್ ಬಂತು. 3,30,400 ರೂಪಾಯಿ ಜಮಾ. ಪೀಣ್ಯದ ನಮ್ಮ ಶೆಡ್‌ನಲ್ಲಿ ಸೋಲ್ಡರಿಂಗ್ ಮಾಡುತ್ತಾ ಕೂತಿದ್ದೆ. ಜೊತೆಗಾರನ ಕೈಗೆ ಫೋನ್ ಕೊಟ್ಟೆ. ಅವನು ಸೊನ್ನೆಗಳನ್ನು ಎರಡು ಸಲ ಎಣಿಸಿ, "ಇದು ನಿಜ ತಾನೇ?" ಅಂತ ಕೇಳಿದ. ನಮ್ಮ ಸಾಮಾನನ್ನು ಒಂದು ದೊಡ್ಡ ಕಂಪನಿಗೆ ಮೊದಲು ತೋರಿಸಿದ್ದು 2025ರ ಜನವರಿಯಲ್ಲಿ. ಲೆಕ್ಕ ಹಾಕಿ, ಒಂದು ವರ್ಷದ ಮೇಲೆ ಒಂದು ತಿಂಗಳು.

ಹೊಸ ಸಾಮಾನು ಮಾಡಿ ಕಂಪನಿಗಳಿಗೆ ಮಾರಬೇಕು ಅಂತ ಹೊರಟವರು ನನಗೆ ಆಗಾಗ ಫೋನ್ ಮಾಡುತ್ತಾರೆ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ಅದಕ್ಕೆ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ನಾವಿಬ್ಬರೇ ಇರುವ ಸಣ್ಣ ಕಂಪನಿ. ಮೋಟಾರ್, ಪಂಪ್, ಬ್ಲೋವರ್, ಕಂಪ್ರೆಸರ್ ಮೈಗೆ ಅಂಟಿಸುವ ಸೆನ್ಸರ್ ಮಾಡುತ್ತೇವೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ವೈಬ್ರೇಷನ್ ಎಷ್ಟಿದೆ, ಬಿಸಿ ಎಷ್ಟಿದೆ ಅಂತ 10 ನಿಮಿಷಕ್ಕೊಮ್ಮೆ ಅಳೆದು ಫೋನ್‌ಗೆ ಕಳಿಸುತ್ತದೆ. ಬೇರಿಂಗ್ ಹೋಗುವ ಮುಂಚೆ ವೈಬ್ರೇಷನ್ ಜಾಸ್ತಿ ಆಗುತ್ತದೆ. ಮೊದಲೇ ಗೊತ್ತಾದರೆ ಭಾನುವಾರ ಬಿಚ್ಚಿ ಸರಿ ಮಾಡಬಹುದು, ಮಂಗಳವಾರ ಲೈನ್ ನಿಲ್ಲುವುದಿಲ್ಲ. ಇದೇನು ನಮ್ಮ ಹೊಸ ಕಂಡುಹಿಡಿತ ಅಲ್ಲ. ವಿದೇಶದ ದೊಡ್ಡ ಕಂಪನಿಗಳು ಎಷ್ಟೋ ವರ್ಷದಿಂದ ಮಾಡುತ್ತಿವೆ. ನಮ್ಮದು ಅಗ್ಗ, ಮತ್ತು ಆ್ಯಪ್ ಕನ್ನಡದಲ್ಲಿದೆ. ಅಷ್ಟೇ.

ಶುರುವಾಗಿದ್ದು ಇಮ್‌ಟೆಕ್ಸ್‌ನಲ್ಲಿ. ಮೆಷಿನ್ ಟೂಲ್‌ನವರ ದೊಡ್ಡ ಜಾತ್ರೆ ಅದು, ತುಮಕೂರು ರಸ್ತೆಯ ಬಿಐಇಸಿ ಅನ್ನುವ ಎಕ್ಸಿಬಿಷನ್ ಜಾಗದಲ್ಲಿ ನಡೆಯುತ್ತದೆ. ಸ್ಟಾಲ್ ಹಾಕುವಷ್ಟು ದುಡ್ಡು ನಮ್ಮಲ್ಲಿ ಇರಲಿಲ್ಲ. ಸುಮ್ನೆ ನೋಡುವವರ ಪಾಸ್ ತೆಗೆದುಕೊಂಡು, ಬ್ಯಾಗಿನಲ್ಲಿ ಒಂದು ಸಣ್ಣ ಮೋಟಾರ್, ಬ್ಯಾಟರಿ, ಸೆನ್ಸರ್ ಇಟ್ಟುಕೊಂಡು ಹೋದೆವು. ಮಾದಾವರದ ತನಕ ಮೆಟ್ರೊ ಆಗಷ್ಟೇ ಬಂದಿತ್ತು, ಖುಷಿಯಲ್ಲಿ ಹತ್ತಲು ಹೋದರೆ ಸ್ಕ್ಯಾನಿಂಗ್‌ನಲ್ಲಿ ಬ್ಯಾಗ್ ನಿಂತಿತು. ವೈರು, ಬ್ಯಾಟರಿ, ಮಿಣುಕುವ ಲೈಟು. ಯಾರಿಗಾದರೂ ಅನುಮಾನ ಬರುತ್ತದೆ. ಕಾಲು ಗಂಟೆ ವಿವರಿಸಿದ ಮೇಲೆ ಬಿಟ್ಟರು. ನಮ್ಮ ಮೊದಲ ಡೆಮೊ ಆ ಸೆಕ್ಯೂರಿಟಿಯವರಿಗೇ ಆಯಿತು ಅನ್ನಿ.

ಅಲ್ಲಿ ಒಂದು ಆಟೋ ಬಿಡಿಭಾಗದ ಕಂಪನಿಯ ಪ್ಲಾಂಟ್ ಹೆಡ್ ಸಿಕ್ಕರು. ಹೆಸರು ಬೇಡ. "ಫೆಬ್ರವರಿಯಲ್ಲಿ ಬನ್ನಿ, ನಮ್ಮ ಟೀಮಿಗೆ ತೋರಿಸಿ" ಅಂದರು. ಹೋದೆವು. ಎಸಿ ಕೋಣೆ, ಹನ್ನೊಂದು ಜನ, 20 ನಿಮಿಷದ ಡೆಮೊ. ಕೊನೆಗೆ ಚಪ್ಪಾಳೆ ಬೇರೆ! ವಾಪಸ್ ಬರುವಾಗ ದಾರಿಯಲ್ಲಿ ಮಸಾಲೆ ದೋಸೆ ತಿಂದು, ತಿಂಗಳೊಳಗೆ ಆರ್ಡರ್ ಬರುತ್ತದೆ ಅಂತ ಮಾತಾಡಿಕೊಂಡೆವು. ಆಮೇಲೆ ಏಳು ವಾರ ಒಂದು ಉತ್ತರವೂ ಇಲ್ಲ.

ಆ ಹನ್ನೊಂದು ಜನರಲ್ಲಿ ಮೆಷಿನ್ ಮುಟ್ಟಿ ರಿಪೇರಿ ಮಾಡುವ ಫಿಟ್ಟರ್ ಒಬ್ಬರೂ ಇರಲಿಲ್ಲ. ಆವತ್ತು ಇದು ನನಗೆ ಹೊಳೆಯಲಿಲ್ಲ.

ಏಪ್ರಿಲ್‌ನಲ್ಲಿ ಪೈಲಟ್‌ಗೆ ಒಪ್ಪಿದರು. ಪೈಲಟ್ ಅಂದರೆ ಕೊಳ್ಳುವ ಮುಂಚೆ ಹಾಕಿ ನೋಡುವುದು. ಆರು ಸೆನ್ಸರ್, ಅವುಗಳ ರೀಡಿಂಗ್ ಇಂಟರ್ನೆಟ್‌ಗೆ ದಾಟಿಸುವ ಒಂದು ಗೇಟ್‌ವೇ, ದುಡ್ಡಿಲ್ಲ. ದುಡ್ಡಿಲ್ಲದ ಪೈಲಟ್‌ಗೆ ಒಪ್ಪಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಹೇಳುವುದು ಸುಲಭ. ನಾವು ಒಪ್ಪಿದೆವು, ಆದರೆ ಒಂದು ಹಾಳೆಯಲ್ಲಿ ಮೂರು ಸಾಲು ಬರೆಸಿ ಸಹಿ ಹಾಕಿಸಿಕೊಂಡೆವು: ಯಾವ ಆರು ಮೆಷಿನ್, ಎಷ್ಟು ತಿಂಗಳು, ಏನಾದರೆ ಪೈಲಟ್ ಪಾಸ್. ಮುಂದೆ ಜೀವ ಉಳಿಸಿದ್ದು ಅದೇ ಹಾಳೆ. ನೀವೂ ಬರೆಸಿಕೊಳ್ಳಿ. ಮಧ್ಯದಲ್ಲಿ ಜನ ವರ್ಗವಾಗುತ್ತಾರೆ, ಹೊಸಬರಿಗೆ ಯಾರು ಏನು ಮಾತು ಕೊಟ್ಟಿದ್ದರು ಅಂತ ಗೊತ್ತಿರುವುದಿಲ್ಲ.

ಒಳಗೆ ಹೋಗುವುದೇ ಒಂದು ಕೆಲಸ. ಗೇಟ್‌ನಲ್ಲಿ ಫೋನ್ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುತ್ತಾರೆ, ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಬರೆದುಕೊಳ್ಳುತ್ತಾರೆ. ಸೇಫ್ಟಿ ಶೂ ಇಲ್ಲ ಅಂದರೆ ಬಿಡಲ್ಲ. ಎರಡನೇ ದಿನ ಇನ್ಶೂರೆನ್ಸ್ ಪಾಲಿಸಿ ಕೇಳಿದರು, ಒಳಗೆ ಕೆಲಸ ಮಾಡುವಾಗ ಏನಾದರೂ ಆದರೆ ಯಾರು ಹೊಣೆ ಅಂತ. ನಮಗಿಬ್ಬರಿಗೆ ಪಾಲಿಸಿ ಮಾಡಿಸಲು ನಾಲ್ಕು ದಿನ, 9,000 ರೂಪಾಯಿ.

ಸೆನ್ಸರ್‌ಗಳು ಬಿಲ್ ಬದಲು ಡೆಲಿವರಿ ಚಲನ್ ಮೇಲೆ, 'ಒಪ್ಪಿಗೆಯಾದರೆ ಮಾರಾಟ' ಅಂತ ಬರೆದು ಒಳಗೆ ಹೋದವು. ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಜಿಎಸ್‌ಟಿ ಕಾನೂನಿನಲ್ಲಿ ಹೀಗೆ ಒಪ್ಪಿಗೆಗಾಗಿ ಕಳಿಸಿದ ಸಾಮಾನಿಗೆ 6 ತಿಂಗಳ ಗಡುವಿದೆ. ಅಷ್ಟರೊಳಗೆ ಮಾರಾಟ ಆಗಬೇಕು, ಇಲ್ಲವೇ ವಾಪಸ್ ಬರಬೇಕು. ಎರಡೂ ಆಗಲಿಲ್ಲ ಅಂದರೆ ಇನ್‌ವಾಯ್ಸ್ ಮಾಡಿ ಟ್ಯಾಕ್ಸ್ ಕಟ್ಟಬೇಕು. ನಮಗೆ ಇದು ಗೊತ್ತೇ ಇರಲಿಲ್ಲ. ಐದನೇ ತಿಂಗಳಲ್ಲಿ ಆ ಕಂಪನಿಯ ಸ್ಟೋರ್ಸ್‌ನವರೇ ಹೇಳಿದರು.

ಈಗ ಅಸಲಿ ಕಥೆಗೆ ಬರುತ್ತೇನೆ.

ಮೇ ತಿಂಗಳ ಕೊನೆಗೆ ನಮ್ಮ ಸೆನ್ಸರ್‌ಗಳು ಒಂದೊಂದಾಗಿ 'ಕೆಡಲು' ಶುರುವಾದವು. ಒಂದು ದಿನ ಬ್ಲೋವರ್‌ನ ಸೆನ್ಸರ್ ವೈಬ್ರೇಷನ್ 0.1 ಅಂತ ತೋರಿಸುತ್ತಾ ಕೂತಿದೆ. ಓಡುವ ಬ್ಲೋವರ್ ಯಾವತ್ತೂ 0.1 ತೋರಿಸಲ್ಲ. ಓಡಿ ಹೋಗಿ ನೋಡಿದರೆ ಸೆನ್ಸರ್ ಬ್ಲೋವರ್ ಮೇಲೆ ಇಲ್ಲ. ಪ್ಯಾನಲ್ ಬೋರ್ಡ್ ಮೇಲೆ ಆರಾಮಾಗಿ ಮಲಗಿದೆ. ಇನ್ನೊಂದನ್ನು ಯಾರೋ ಕಾಟನ್ ವೇಸ್ಟ್‌ನಲ್ಲಿ ಸುತ್ತಿ, ಮಗುವಿಗೆ ಕುಲಾವಿ ಹಾಕಿದ ಹಾಗೆ ಬಿಗಿದಿದ್ದರು. ಅಯಸ್ಕಾಂತ ಸಡಿಲ ಇರಬೇಕು ಅಂತ ನನ್ನ ಜೊತೆಗಾರ ಗಟ್ಟಿ ಅಯಸ್ಕಾಂತ ತಂದು ಹಾಕಿದ. ಅದೂ ಬಿತ್ತು.

ಕ್ಯಾಂಟೀನ್‌ನಲ್ಲಿ ಒಬ್ಬ ಹಳೇ ಫಿಟ್ಟರ್ ಪಕ್ಕ ಹೋಗಿ ಕೂತೆ. ಐವತ್ತು ದಾಟಿದ ಮನುಷ್ಯ. ಮೂರು ದಿನ ಬರೀ ಊರು, ಮಳೆ, ತೆಂಗಿನಕಾಯಿ ರೇಟು. ನಾಲ್ಕನೇ ದಿನ ಅವರೇ ಬಾಯಿ ಬಿಟ್ಟರು. "ಸಾರ್, ನಿಮ್ಮ ಡಬ್ಬಿ ಕೂಗಿದ್ರೆ ಮೊದ್ಲು ಯಾರಿಗೆ ಕೇಳ್ಸುತ್ತೆ?"

"ಮೇಂಟೆನೆನ್ಸ್ ಹೆಡ್‌ಗೆ ಅಣ್ಣ."

"ಹೂಂ. ಅವ್ರು ಬಂದು ನನ್ನ ಕೇಳ್ತಾರೆ. ಡಬ್ಬಿಗೆ ಗೊತ್ತಾಗಿದ್ದು ನಿನಗ್ಯಾಕೆ ಗೊತ್ತಾಗ್ಲಿಲ್ಲ ಅಂತ. ಎರಡು ಸಲ ಬೈಸ್ಕೊಂಡಿದೀನಿ."

ನನಗೆ ಮಾತೇ ಹೊರಡಲಿಲ್ಲ. ನಾವು ಮೆಷಿನ್ ನೋಡುವ ಸೆನ್ಸರ್ ಅಂತ ಮಾಡಿದ್ದೆವು. ಅಲ್ಲಿನವರ ಕಣ್ಣಿಗೆ ಅದು ಅವರ ಮೇಲೆ ಚಾಡಿ ಹೇಳುವ ಡಬ್ಬಿ. ಯಾರು ತಾನೇ ಮೆಷಿನ್ ಮೇಲೆ ಇಟ್ಟುಕೊಳ್ಳುತ್ತಾರೆ?

ಜುಲೈನಲ್ಲಿ ಇನ್ನೊಂದು ಆಯಿತು. ಕಂಪ್ರೆಸರ್ ರೂಮಿನಲ್ಲಿ 15 ಕಿಲೋವ್ಯಾಟ್‌ನ ಒಂದು ಮೋಟಾರ್. ವೈಬ್ರೇಷನ್ ಒಂಬತ್ತು ದಿನದಲ್ಲಿ 1.6ರಿಂದ 4.7ಕ್ಕೆ ಏರಿತು. ಅಳತೆ ಸೆಕೆಂಡಿಗೆ ಮಿಲಿಮೀಟರ್‌ಗಳಲ್ಲಿ. ಈ ಗಾತ್ರದ ಮೋಟಾರ್‌ಗಳಿಗೆ ಅಂತರರಾಷ್ಟ್ರೀಯ ಐಎಸ್ಒ ಮಾನದಂಡದ ಪಟ್ಟಿಯಲ್ಲಿ 4.5 ದಾಟಿದರೆ ಅಪಾಯದ ಗೆರೆ. ನಮ್ಮ ಆ್ಯಪ್ ಕೆಂಪಗೆ 'ಬೇರಿಂಗ್ ಹೋಗುತ್ತಿದೆ' ಅಂತ ಕೂಗಿತು. ಮೇಂಟೆನೆನ್ಸ್ ಹೆಡ್ ಹೊಸ ಬೇರಿಂಗ್ ತರಿಸಲು ಹೊರಟರು.

ಅದೇ ಫಿಟ್ಟರ್ ಬಂದರು. ಜೇಬಿನಿಂದ ಉದ್ದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಬೇರಿಂಗ್ ಇರುವ ಕಡೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದರು. ಅರ್ಧ ನಿಮಿಷ. ಆ ತುದಿಗೂ ಹೋಗಿ ಹಾಗೇ ಕೇಳಿದರು. "ಬೇರಿಂಗ್ ಅಲ್ಲ. ಸದ್ದು ಚೊಕ್ಕ ಇದೆ." ಆಮೇಲೆ ಬೂಟಿನ ತುದಿಯಿಂದ ಅಡಿಪಾಯದ ಮೇಲೆ ಒಂದೊಂದೇ ಬೋಲ್ಟ್ ಹತ್ತಿರ ಒತ್ತುತ್ತಾ ಬಂದರು. ಮೂರನೆಯದರಲ್ಲಿ ನಿಂತರು. ವಾಷರ್ ಸೀಳಿ ಬೋಲ್ಟ್ ಸಡಿಲವಾಗಿತ್ತು. ವಾಷರ್ ಬದಲಿಸಿ ಬಿಗಿದರು. ನನ್ನ ಫೋನ್‌ನಲ್ಲಿ 1.7.

ಡಬ್ಬಿ ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. ಏನೋ ಆಗಿದೆ ಅಂತ ಒಂಬತ್ತು ದಿನ ಮೊದಲೇ ಅದಕ್ಕೆ ಗೊತ್ತಾಯಿತು. ಏನಾಗಿದೆ ಅಂತ ಅವರಿಗೆ ಒಂದೇ ನಿಮಿಷದಲ್ಲಿ ಗೊತ್ತಾಯಿತು.

ಆ ರಾತ್ರಿ ಕೂತು ಎರಡು ಬದಲಾವಣೆ ಮಾಡಿದೆವು. ಒಂದು, ಆ್ಯಪ್ ಇನ್ನು ಮೇಲೆ ರೋಗದ ಹೆಸರು ಹೇಳುವುದಿಲ್ಲ. 'ವೈಬ್ರೇಷನ್ ಜಾಸ್ತಿ ಆಗಿದೆ, ನೋಡಿ' ಅನ್ನುತ್ತದೆ, ಕಾರಣ ಬರೆಯಲು ಕೆಳಗೆ ಜಾಗ ಬಿಡುತ್ತದೆ. ಬರೆಯುವವರು ಫಿಟ್ಟರ್. ಎರಡು, ಮೆಸೇಜ್ ಮೊದಲು ಫಿಟ್ಟರ್ ಫೋನ್‌ಗೆ ಮಾತ್ರ. 48 ಗಂಟೆ ಏನೂ ಆಗದಿದ್ದರೆ ಆಮೇಲೆ ಮೇಲಿನವರಿಗೆ. ಕೋಡ್ ಬರೆಯಲು ಒಂದು ದಿನ ಸಾಕಾಯಿತು. ಮೇಂಟೆನೆನ್ಸ್ ಹೆಡ್‌ನ ಒಪ್ಪಿಸಲು ಮೂರು ವಾರ ಹಿಡಿಯಿತು. "ನನಗೇ ಲೇಟಾಗಿ ಗೊತ್ತಾಗಬೇಕಾ?" ಅಂತ ಸಿಟ್ಟಾದರು. ತೀರಾ ಜಾಸ್ತಿ ಆದರೆ ಇಬ್ಬರಿಗೂ ಒಟ್ಟಿಗೆ ಹೋಗುತ್ತದೆ ಅಂತ ಸೇರಿಸಿದ ಮೇಲೆ ಒಪ್ಪಿದರು.

ಆಗಸ್ಟ್‌ನಿಂದ ಒಂದು ಸೆನ್ಸರ್ ಕೂಡ ಬೀಳಲಿಲ್ಲ. ಅಯಸ್ಕಾಂತ ಅದೇ.

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹಬ್ಬಿತು ಅಂತ ಬ್ರೈಸ್ ರಯಾನ್, ನೀಲ್ ಗ್ರಾಸ್ ಅನ್ನುವವರು ಒಂದು ಅಧ್ಯಯನ ಮಾಡಿದ್ದರು, 1943ರಲ್ಲಿ ಬಂದಿದ್ದು. ಹೊಸ ಬೀಜದ ಸುದ್ದಿ ರೈತರ ಕಿವಿಗೆ ಮೊದಲು ಹಾಕಿದ್ದು ಹೆಚ್ಚಾಗಿ ಬೀಜ ಮಾರುವವನು. ಆದರೆ ಬಿತ್ತೋಣ ಅಂತ ಧೈರ್ಯ ಬಂದಿದ್ದು ಪಕ್ಕದ ಹೊಲದವನನ್ನು ನೋಡಿ. ಅದೂ ಮೊದಲು ಒಂದು ತುಂಡು ಜಾಗದಲ್ಲಿ ಬಿತ್ತಿ ನೋಡಿದರು. ನಮ್ಮ ಕಡೆಯ ಅಡಿಕೆ ತೋಟದವರಿಗೆ ಇದನ್ನು ಹೇಳಿದರೆ "ಇದಕ್ಕೂ ಅಧ್ಯಯನ ಬೇಕಿತ್ತಾ?" ಅಂತ ನಗುತ್ತಾರೆ, ಅಲ್ವಾ? ನಮ್ಮ ಪ್ಲಾಂಟ್‌ನಲ್ಲೂ ಆಗಿದ್ದು ಅದೇ. ಸೆಪ್ಟೆಂಬರ್‌ನಲ್ಲಿ ಪಕ್ಕದ ಶಾಪ್‌ನ ಫಿಟ್ಟರ್ ಬಂದು, "ನಮ್ಮ ಪಂಪ್‌ಗೂ ಒಂದು ಹಾಕ್ತೀರಾ?" ಅಂತ ಕೇಳಿದ. ನಾನು ಅವನ ಜೊತೆ ಒಂದು ಮಾತೂ ಆಡಿರಲಿಲ್ಲ.

ಅಕ್ಟೋಬರ್ 1, ಆಯುಧ ಪೂಜೆ. ನಮ್ಮನ್ನೂ ಕರೆದಿದ್ದರು. ಕಂಪ್ರೆಸರ್‌ಗೆ ಬಾಳೆಕಂದು ಕಟ್ಟಿ, ಚೆಂಡು ಹೂವಿನ ಹಾರ ಹಾಕಿದ್ದರು. ಮೋಟಾರ್‌ಗೆ ಮೂರು ಬೆರಳು ವಿಭೂತಿ, ಕುಂಕುಮ. ಹತ್ತಿರ ಹೋಗಿ ನೋಡಿದರೆ ನಮ್ಮ ಸೆನ್ಸರ್‌ಗೂ ಒಂದು ಪುಟ್ಟ ಬೊಟ್ಟು ಇತ್ತು. ಫಿಟ್ಟರ್ ತಟ್ಟೆ ಹಿಡಿದು ನಿಂತಿದ್ದರು. "ನೋಡಪ್ಪ, ನಿನ್ನ ಡಬ್ಬಿಗೂ ಇಟ್ಟಿದೀನಿ" ಅಂದರು. ಏಪ್ರಿಲ್‌ನಿಂದ ನಾನು ಅವರಿಗೆ 'ಸಾರ್' ಆಗಿದ್ದೆ. ಆವತ್ತು ಅದು ಹೋಯಿತು.

ಇನ್ನು ಕಾಗದದ ಕಥೆ. ಅದಕ್ಕೆ ಕುಂಕುಮ ಇಟ್ಟರೆ ನಡೆಯಲ್ಲ.

ಐಟಿ ವಿಭಾಗದವರು ವೈಫೈ ಕೊಡಲ್ಲ ಅಂತ ಮೊದಲ ದಿನವೇ ಹೇಳಿದ್ದರು. ಸಿಮ್ ಹಾಕಿದ ಗೇಟ್‌ವೇ ಇಟ್ಟೆವು. ಆಮೇಲೆ, ನಮ್ಮ ಡೇಟಾ ಯಾವ ದೇಶದಲ್ಲಿ ಇರುತ್ತದೆ, ಯಾರು ನೋಡಬಹುದು, ನಿಮ್ಮ ಸರ್ವರ್‌ನ ಯಾರಾದರೂ ಪರೀಕ್ಷೆ ಮಾಡಿದ್ದಾರಾ ಅಂತ 84 ಪ್ರಶ್ನೆಗಳ ಒಂದು ಎಕ್ಸೆಲ್ ಬಂತು. ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ ಪಟ್ಟಿಯಲ್ಲಿರುವ ಆಡಿಟರ್‌ಗಳಿಂದಲೇ ಸೆಕ್ಯೂರಿಟಿ ಟೆಸ್ಟ್ ಮಾಡಿಸಬೇಕಿತ್ತು. ನಮಗೆ ಬಿದ್ದದ್ದು 65,000 ರೂಪಾಯಿ, ಐದು ವಾರ. ಬ್ಲೂಟೂತ್ ಇರುವ ಸಾಮಾನು ಆದ್ದರಿಂದ ಟೆಲಿಕಾಂ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ ಕೊಡುವ ಇಟಿಎ ಅನ್ನುವ ರೇಡಿಯೊ ಅನುಮತಿ ಕೂಡ ಬೇಕು. ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ನಾವೇ ಹಾಕಿಕೊಳ್ಳಬಹುದು, ಆದರೆ ಜೊತೆಗೆ ಲ್ಯಾಬ್ ರಿಪೋರ್ಟ್ ಇರಬೇಕು. ಬೇರೆ ಟೆಸ್ಟ್‌ಗಳೂ ಸೇರಿ ಲ್ಯಾಬ್‌ಗೆ 72,000 ಹೋಯಿತು. ರೇಡಿಯೊ ಭಾಗವನ್ನು ನೀವೇ ಮಾಡಲು ಹೋಗಬೇಡಿ. ಟೆಸ್ಟ್ ರಿಪೋರ್ಟ್ ಇರುವ ರೆಡಿ ಮಾಡ್ಯೂಲ್ ಕೊಳ್ಳಿ. ನಮ್ಮ ಮೊದಲ ಡಿಸೈನ್ ಬಿಸಾಕಿದ್ದು ಇದೇ ಕಾರಣಕ್ಕೆ.

ವೆಂಡರ್ ಕೋಡ್ ಅಂದರೆ ಅವರ ಕಂಪ್ಯೂಟರ್‌ನಲ್ಲಿ ನಮಗೊಂದು ನಂಬರ್. ಅದಿಲ್ಲದೆ ಪರ್ಚೇಸ್ ಆರ್ಡರ್ ಬರಲ್ಲ. ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ಸಣ್ಣ ಉದ್ದಿಮೆ ಅಂತ ತೋರಿಸುವ ಉದ್ಯಮ್ ಸರ್ಟಿಫಿಕೇಟ್, ರದ್ದು ಮಾಡಿದ ಚೆಕ್, ಬ್ಯಾಂಕಿನ ಪತ್ರ, ಮೂರು ವರ್ಷದ ಬ್ಯಾಲೆನ್ಸ್ ಶೀಟ್. ನಮ್ಮ ಕಂಪನಿಗೇ ಆಗ ಎರಡು ವರ್ಷ ತುಂಬಿರಲಿಲ್ಲ. ಮೂರನೇ ವರ್ಷದ್ದು ಎಲ್ಲಿಂದ ತರಲಿ? ಸಿಎ ಹತ್ತಿರ ಒಂದು ಪತ್ರ ಬರೆಸಿ ಕೊಟ್ಟ ಮೇಲೆ ಮುಂದೆ ಹೋಯಿತು. ಫಾರ್ಮ್‌ನಲ್ಲಿ ಐಎಸ್ಒ 9001 ಗುಣಮಟ್ಟದ ಸರ್ಟಿಫಿಕೇಟ್ ಅಂತ ಇದ್ದಿದ್ದು ನೋಡಿ ಗಾಬರಿಯಾಗಿ 45,000 ಖರ್ಚು ಮಾಡಿ ಮಾಡಿಸಿದೆವು. ಆಮೇಲೆ ಪರ್ಚೇಸ್‌ನವರು ತಣ್ಣಗೆ, "ಹೊಸಬರಿಗೆ ಆರು ತಿಂಗಳು ಟೈಮ್ ಕೊಡ್ತೀವಲ್ಲ, ಕೇಳಬಾರದಿತ್ತಾ?" ಅಂದರು. ಕೇಳಿ. ಫಾರ್ಮ್‌ನಲ್ಲಿ ಇರುವುದೆಲ್ಲ ಕಡ್ಡಾಯ ಅಲ್ಲ.

ಉದ್ಯಮ್ ನೋಂದಣಿ ಪೂರ್ತಿ ಉಚಿತ. ವಿಳಾಸದಲ್ಲಿ ಗವ್ ಡಾಟ್ ಇನ್ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಇದ್ದರೆ ಮುಗಿಯಿತು. ನಾವು ಅದೇ ಥರ ಕಾಣುವ ಇನ್ನಾವುದೋ ಜಾಗದಲ್ಲಿ 1,500 ಕೊಟ್ಟು ಮೋಸ ಹೋದೆವು. ನಾಚಿಕೆ ಆಗುತ್ತದೆ, ಆದರೂ ಹೇಳುತ್ತಿದ್ದೇನೆ.

ಚೌಕಾಸಿಯಲ್ಲಿ ಎರಡು ಪಾಠ ಆಯಿತು. ಸೆನ್ಸರ್‌ಗೆ 11,000 ಹೇಳಿದ್ದೆವು, 9,500ಕ್ಕೆ ನಿಂತಿತು. ಅದು ಮಾಮೂಲಿ. ಆದರೆ ಸಾಫ್ಟ್‌ವೇರ್‌ಗೆ ವರ್ಷಕ್ಕಿಷ್ಟು ಸಬ್‌ಸ್ಕ್ರಿಪ್ಶನ್ ಅಂದಾಗ ಪರ್ಚೇಸ್‌ನವರು ಮುಖ ಸಿಂಡರಿಸಿದರು. ಅದೇ ದುಡ್ಡನ್ನು ಎರಡನೇ ವರ್ಷದಿಂದ ಎಎಂಸಿ, ಅಂದರೆ ವರ್ಷದ ಮೇಂಟೆನೆನ್ಸ್ ಒಪ್ಪಂದ, ಅಂದೆವು. ಕೂಡಲೇ ತಲೆಯಾಡಿಸಿದರು! ಲಿಫ್ಟ್‌ಗೆ, ಜನರೇಟರ್‌ಗೆ ಎಎಂಸಿ ಕೊಟ್ಟು ಅಭ್ಯಾಸ ಇದೆ. ಇನ್ನೊಂದು, ಪ್ಲಾಂಟ್ ಹೆಡ್ ತಾವೇ ಸಹಿ ಹಾಕಬಹುದಾದ ಮಿತಿ ಟ್ಯಾಕ್ಸ್ ಬಿಟ್ಟು 3 ಲಕ್ಷ. ಅದು ದಾಟಿದರೆ ಹೊರರಾಜ್ಯದ ಹೆಡ್ ಆಫೀಸ್‌ಗೆ ಹೋಗಬೇಕು, ಮುಂದಿನ ಬಜೆಟ್‌ಗೆ ಕಾಯಬೇಕು. ನಾವು 40 ಸೆನ್ಸರ್‌ನ ಕೊಟೇಶನ್ ಕೊಟ್ಟು ಆರು ವಾರ ಸುಮ್ಮನೆ ಕಾದೆವು. 24ಕ್ಕೆ ಇಳಿಸಿ, ಉಳಿದಿದ್ದೆಲ್ಲ ಸೇರಿ 2,80,000 ಮಾಡಿದ ಮೇಲೆ ಒಂಬತ್ತೇ ದಿನದಲ್ಲಿ ಆರ್ಡರ್ ಬಂತು. ಅಷ್ಟರೊಳಗೆ ಆರು ತಿಂಗಳ ಗಡುವು ಮುಗಿಯುತ್ತಿತ್ತು, ಪೈಲಟ್‌ನ ಆರು ಸೆನ್ಸರ್‌ಗಳನ್ನು ಒಂದು ದಿನದ ಮಟ್ಟಿಗೆ ಗೇಟಿಂದ ಹೊರಗೆ ತಂದು, ಹೊಸ ಚಲನ್ ಮಾಡಿ ಒಳಗೆ ಕಳಿಸಿದ್ದೆವು. ಫಿಟ್ಟರ್‌ಗೆ ಅದು ಇಷ್ಟವಾಗಲಿಲ್ಲ.

ನವೆಂಬರ್ 28ಕ್ಕೆ ಸಾಮಾನು ಕೊಟ್ಟು ಬಿಲ್ ಮಾಡಿದೆವು. 2,80,000ದ ಮೇಲೆ 18% ಜಿಎಸ್‌ಟಿ, 50,400. ಆ 50,400ನ್ನು ನಾವು ಡಿಸೆಂಬರ್ 20ರೊಳಗೆ ಸರ್ಕಾರಕ್ಕೆ ಕಟ್ಟಬೇಕು, ಕಂಪನಿ ನಮಗೆ ದುಡ್ಡು ಕೊಟ್ಟಿರಲಿ ಬಿಡಲಿ. ಬಿಡಿಭಾಗ ಕೊಂಡಾಗಿನ ಕ್ರೆಡಿಟ್ ಕಳೆದರೂ ಕೈಯಿಂದ ದೊಡ್ಡ ಮೊತ್ತವೇ ಹೋಯಿತು. ಹೆಂಡತಿಯ ಉಳಿತಾಯ ಖಾತೆಯಿಂದ ತೆಗೆದೆ. ಇದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ.

ಅವರ ಆರ್ಡರ್‌ನಲ್ಲಿ '90 ದಿನ' ಅಂತ ಅಚ್ಚಾಗಿತ್ತು. ಕಾನೂನು ಬೇರೆ ಹೇಳುತ್ತದೆ. ಉದ್ಯಮ್ ನೋಂದಣಿ ಇರುವ ನಮ್ಮಂಥ ಸಣ್ಣವರಿಗೆ ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. 2006ರ ಎಂಎಸ್ಎಂಇ ಕಾಯ್ದೆಯ ಮಾತು ಇದು. ತಡವಾದರೆ ಬಡ್ಡಿಯೂ ಇದೆ. ಜೊತೆಗೆ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆದಾಯ ತೆರಿಗೆ ನಿಯಮದ (ಆಗ 43ಬಿ(ಎಚ್)) ಪ್ರಕಾರ, ಗಡುವು ಮೀರಿಸಿ ಮಾರ್ಚ್ 31ರೊಳಗೂ ಕೊಡದಿದ್ದರೆ ಆ ಖರ್ಚನ್ನು ಅವರು ಆ ವರ್ಷದ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. ಇದಕ್ಕೆ ಅಕೌಂಟ್ಸ್‌ನವರು ಹೆದರುತ್ತಾರೆ, ಆದರೆ ಫೆಬ್ರವರಿ ಮಾರ್ಚ್‌ನಲ್ಲಿ ಮಾತ್ರ. ಬಿಲ್ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ.

45 ದಿನ ಆದರೂ ದುಡ್ಡಿಲ್ಲ. ವಿಚಾರಿಸಿದರೆ ಬಿಲ್ ಇನ್ನೂ ಅಕೌಂಟ್ಸ್‌ಗೇ ಹೋಗಿಲ್ಲ. ಆರ್ಡರ್‌ನಲ್ಲಿ ಸಾಮಾನು ಯಾವ ಥರದ್ದು ಅಂತ ಟ್ಯಾಕ್ಸ್‌ನವರಿಗೆ ಹೇಳುವ ಎಚ್‌ಎಸ್‌ಎನ್ ಕೋಡ್ 8543 ಅಂತ ಅವರು ಹಾಕಿದ್ದರು, ನಮ್ಮ ಬಿಲ್‌ನಲ್ಲಿ 9031. ಹೊಂದಲಿಲ್ಲ ಅಂತ ಸ್ಟೋರ್ಸ್‌ನವರು ಜಿಆರ್‌ಎನ್, ಅಂದರೆ ಸಾಮಾನು ಬಂತು ಅನ್ನುವ ಚೀಟಿ, ಮಾಡದೆ ಪಕ್ಕಕ್ಕಿಟ್ಟಿದ್ದರು. ಯಾರೂ ನಮಗೆ ಹೇಳಲಿಲ್ಲ. ಆರ್ಡರ್ ತಿದ್ದಿಸಲು ಎರಡು ವಾರ. ಆರ್ಡರ್ ಕೈಗೆ ಬಂದ ದಿನವೇ ಹೆಸರು, ಕೋಡ್, ವಿಳಾಸ ಒಂದೊಂದೇ ಅಕ್ಷರ ನೋಡಿ. ಸಾಮಾನು ಕೊಟ್ಟ ಮೂರನೇ ದಿನ ಜಿಆರ್‌ಎನ್ ನಂಬರ್ ಕೇಳಿ.

ಕೊನೆಗೆ ಬಂದಿದ್ದು 70ನೇ ದಿನ. ಬಡ್ಡಿ ಕೇಳಬಹುದಿತ್ತು, ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದಿತ್ತು. ಮೊದಲ ಗಿರಾಕಿಯ ಹತ್ತಿರ ಯಾರು ಕೇಳುತ್ತಾರೆ ಹೇಳಿ?

ಲಾಭ ಎಷ್ಟು ಅಂತ ಅಮ್ಮ ಕೇಳಿದರು. ಲ್ಯಾಬ್, ಸೆಕ್ಯೂರಿಟಿ ಟೆಸ್ಟ್, ಐಎಸ್ಒ, ಇನ್ಶೂರೆನ್ಸ್, ಪೈಲಟ್ ಸಾಮಾನು ಎಲ್ಲ ಸೇರಿ 2,29,000. ಆರ್ಡರ್‌ನ ಬಿಡಿಭಾಗ 86,000. ಬಂದಿದ್ದು ಟ್ಯಾಕ್ಸ್ ಬಿಟ್ಟು 2,80,000. 35,000 ನಷ್ಟ, ನಮ್ಮಿಬ್ಬರ ಸಂಬಳ ಲೆಕ್ಕಕ್ಕೇ ಹಿಡಿದಿಲ್ಲ. ಸರ್ಟಿಫಿಕೇಟ್‌ಗಳು ಮುಂದಿನ ಗಿರಾಕಿಗೂ ಬರುತ್ತವೆ ಅಂತ ಹೇಳಿದೆ. ಅಮ್ಮ "ಹೂಂ" ಅಂದರು, ಅಷ್ಟೆ.

ದುಡ್ಡು ಬಂದ ಮರುದಿನ ಫಿಟ್ಟರ್ ಫೋನ್. "ಕೂಲಿಂಗ್ ಟವರ್ ಮೋಟಾರ್‌ದು ಸೆನ್ಸರ್ ಬಿತ್ತು ಕಣಪ್ಪ. ಬಣ್ಣ ಹೊಡೆಯೋರು ತೆಗೆದಿದ್ರು. ಅರಾಲ್ಡೈಟ್ ಹಾಕಿ ನಾನೇ ಕೂರ್ಸಿದೀನಿ, ರೀಡಿಂಗ್ ಸರಿ ಬರ್ತಿದ್ಯಾ ನೋಡು." ನೋಡಿದೆ. 1.2. ಅರಾಲ್ಡೈಟ್ ಹಾಕಿದರೆ ಬ್ಯಾಟರಿ ಬದಲಿಸುವಾಗ ಬಿಚ್ಚಲು ಆಗಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ.